84 ಕಿಲೋ, ಕೊಬ್ಬು ಶೇ 32: ನನ್ನ ತೂಕದ ಗುರಿ ಎಷ್ಟಿರಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಎತ್ತರ 170 ಸೆಂಟಿಮೀಟರ್, ತೂಕ 84 ಕಿಲೋ. ಊರು ಶಿವಮೊಗ್ಗ, ಕೆಲಸ ಬೆಂಗಳೂರಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯ ಮೇಲೆ. ಈಚಿನ ರಕ್ತ ಪರೀಕ್ಷೆಯಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿದೆ. ಸಕ್ಕರೆ ಕಾಯಿಲೆ ಇನ್ನೂ ಶುರುವಾಗಿಲ್ಲ, ಹೊಸ್ತಿಲಲ್ಲಿ ಇದ್ದೀರಿ, ತೂಕ ಇಳಿಸಿ ಎಂದರು ವೈದ್ಯರು. ಎಷ್ಟು ಇಳಿಸಬೇಕು ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಮನೆ ಹತ್ತಿರದ ಜಿಮ್ ಒಂದಕ್ಕೆ ಸೇರಿದ್ದೇನೆ. ಅಲ್ಲಿಯವರು ಗೋಡೆಯ ಮೇಲಿನ ಪಟ್ಟಿ ನೋಡಿ "ನಿಮ್ಮ ಎತ್ತರಕ್ಕೆ 62 ಕಿಲೋ" ಎಂದರು. ಮದುವೆಯ ಹೊತ್ತಿಗೇ ನಾನು 68 ಕಿಲೋ ಇದ್ದೆ. 22 ಕಿಲೋ ಇಳಿಸಬೇಕು ಎಂದು ಕೇಳಿದಾಗ ಕೈಕಾಲೇ ಆಡಲಿಲ್ಲ. ಮನೆಯಲ್ಲಿರುವ ತೂಕದ ಯಂತ್ರ ದೇಹದಲ್ಲಿನ ಕೊಬ್ಬಿನ ಪ್ರಮಾಣವನ್ನೂ ತೋರಿಸುತ್ತದೆ. ನನ್ನದು ಶೇ 32. ಈ ಅಂಕಿಯನ್ನು ಹಿಡಿದು ನನಗೆ ಎಟುಕುವಂಥ ಗುರಿಯೊಂದನ್ನು ಲೆಕ್ಕ ಹಾಕಬಹುದೇ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಬೆಳಗಿನ ನಡಿಗೆ

ಎತ್ತರದಲ್ಲಿ 100 ಕಳೆಯಿರಿ, 70 ಬರುತ್ತದೆ. ಅದೇ ನಿಮ್ಮ ತೂಕ. ನಮ್ಮ ಕಾಲದಿಂದಲೂ ಎಲ್ಲರೂ ಹಾಕುವ ಲೆಕ್ಕ ಇದು. ದಿನಾ ಒಂದು ಗಂಟೆ ನಡೆಯಿರಿ, ರಾತ್ರಿ ಅನ್ನ ಬಿಡಿ.

ಹುರುಳಿಕಟ್ಟು

ತುಂಗಾತೀರ ಅವರೇ, ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆ. ನಿಮ್ಮ ಪ್ರಶ್ನೆಯನ್ನು ವಾರಕ್ಕೆ ಹತ್ತಾರು ಮಂದಿ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ 62ನ್ನು ಪರೀಕ್ಷಿಸೋಣ. ಯಂತ್ರ ಹೇಳಿದ ಶೇ 32 ನಿಜವೆಂದೇ ಇಟ್ಟುಕೊಳ್ಳಿ. 84 ಕಿಲೋದಲ್ಲಿ ಕೊಬ್ಬು ಸುಮಾರು 26.9 ಕಿಲೋ. ಉಳಿದ 57.1 ಕಿಲೋ ಮೂಳೆ, ಮಾಂಸಖಂಡ, ರಕ್ತ, ನೀರು, ಅಂಗಾಂಗಗಳು. ನೀವು 62ಕ್ಕೆ ಇಳಿದು, ಈ 57.1 ಕಿಲೋ ಹಾಗೆಯೇ ಉಳಿದರೆ ಮೈಯಲ್ಲಿ ಉಳಿಯುವ ಕೊಬ್ಬು 5 ಕಿಲೋಗಿಂತ ಕಡಿಮೆ, ಅಂದರೆ ಶೇ 8. ಸ್ಪರ್ಧೆಗೆ ಸಿದ್ಧರಾಗುವ ಕ್ರೀಡಾಪಟುಗಳ ಮೈಕಟ್ಟು ಅದು. ಕಚೇರಿ ಕೆಲಸ ಮಾಡುವ 41ರ ಗೃಹಸ್ಥ ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ, ಹೋದರೆ ಅಲ್ಲಿ ನಿಲ್ಲುವುದೂ ಇಲ್ಲ. ಶೇ 8ಕ್ಕೆ ಹೋಗದೆ 62 ಆಗಬೇಕಾದರೆ ಕಿಲೋಗಟ್ಟಲೆ ಮಾಂಸಖಂಡ ಕರಗಬೇಕು. ಎರಡೂ ದಾರಿ ನಿಮಗೆ ಬೇಡ. ಆ ಪಟ್ಟಿ ನಿಮ್ಮ ಮೈಯಲ್ಲಿ ಏನಿದೆ ಎಂದು ಕೇಳಿಯೇ ಇಲ್ಲ, ಎತ್ತರ ಮಾತ್ರ ಕೇಳಿದೆ. 100 ಕಳೆಯುವ ಲೆಕ್ಕಕ್ಕೂ ಇದೇ ಕೊರತೆ.

ಈಗ ಸರಿಯಾದ ಲೆಕ್ಕ. ಕೊಬ್ಬಲ್ಲದ ತೂಕವನ್ನು ಹಿಡಿದಿಟ್ಟುಕೊಂಡು, ನೀವು ತಲುಪಬೇಕೆಂದಿರುವ ಕೊಬ್ಬಿನ ಪ್ರಮಾಣಕ್ಕೆ ಒಟ್ಟು ತೂಕ ಎಷ್ಟಾಗುತ್ತದೆ ಎಂದು ನೋಡುವುದು. ಶೇ 25 ಗುರಿಯಾದರೆ ದೇಹದ ಶೇ 75 ಭಾಗ 57.1 ಕಿಲೋ ಆಗಬೇಕು. 57.1ನ್ನು 0.75ರಿಂದ ಭಾಗಿಸಿ: 76.2 ಕಿಲೋ. ಶೇ 22 ಗುರಿಯಾದರೆ 0.78ರಿಂದ ಭಾಗಿಸಿ: 73.2 ಕಿಲೋ. 62ಕ್ಕೂ ಇದಕ್ಕೂ ಎಷ್ಟು ಅಂತರವಿದೆ ನೋಡಿ.

ಗುರಿಗೆ ಯಾವ ಪ್ರಮಾಣ ಇಟ್ಟುಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ವ್ಯಾಯಾಮ ಮಂಡಳಿಯ ಪಟ್ಟಿಯೊಂದು ಎಲ್ಲ ಕಡೆ ಓಡಾಡುತ್ತದೆ: ಗಂಡಸರಿಗೆ 18ರಿಂದ 24 ಸಾಮಾನ್ಯ, 14ರಿಂದ 17 ಒಳ್ಳೆಯ ಮೈಕಟ್ಟು, 25 ದಾಟಿದರೆ ಬೊಜ್ಜು, ಹೆಂಗಸರಿಗೆ 25ರಿಂದ 31 ಸಾಮಾನ್ಯ, 32 ದಾಟಿದರೆ ಬೊಜ್ಜು. ಇದನ್ನು ದಾರಿಯ ಅಂದಾಜಿಗೆ ಬಳಸಿ. ಸಕ್ಕರೆ ಕಾಯಿಲೆ ಇಂಥ ಅಂಕಿಯಲ್ಲೇ ಶುರುವಾಗುತ್ತದೆ, ಇಂಥದ್ದರಲ್ಲಿ ನಿಲ್ಲುತ್ತದೆ ಎಂದು ಈ ಪಟ್ಟಿ ಹೇಳುವುದಿಲ್ಲ.

ಒಂದು ಕೆಲಸ ಮಾಡಿ. ಟೇಪು ತೆಗೆದುಕೊಂಡು ಹೊಟ್ಟೆಯ ಮತ್ತು ಕುತ್ತಿಗೆಯ ಸುತ್ತಳತೆ ಬರೆದು ಹಾಕಿ. ಯಂತ್ರದ ಶೇ 32ನ್ನು ಇನ್ನೊಂದು ದಾರಿಯಿಂದ ಪರಿಶೀಲಿಸೋಣ.

ಶಾಲ್ಮಲಾ

ತೆಳ್ಳಗಿರುವವರ ಕಡೆಯಿಂದ ಒಂದು ಮಾತು. ನಾನು ಧಾರವಾಡದವನು. ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂದು ಹೇಳುವ ಅಂಕಿ) 22, ಬಟ್ಟೆ ಅಂಗಡಿಯಲ್ಲಿ ಎಲ್ಲರೂ "ನಿಮಗೇನು ಬಿಡಿ" ಎನ್ನುವ ಮೈ. ಆದರೂ 38ನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ.

ನನ್ನ ವೈದ್ಯರು ಆಗ ಒಂದು ಚಿತ್ರ ತೋರಿಸಿದರು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ಒಂದೇ ಬಿಎಂಐ ಇದ್ದೂ ಎರಡು ಪಟ್ಟಿಗಿಂತ ಹೆಚ್ಚು ಕೊಬ್ಬು! ಯಾಜ್ಞಿಕ್ ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನೂ ಅಳೆದು ನೋಡಿತು. ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಬಹಳ ಕಡಿಮೆ ಇದ್ದರೂ ನಮ್ಮ ಕೂಸುಗಳ ಚರ್ಮದಡಿಯ ಕೊಬ್ಬು ಆ ಮಟ್ಟಿಗೆ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಮಾಂಸಖಂಡ.

ನನಗೆ ತೂಕ ಇಳಿಸುವ ಗುರಿ ಕೊಡಲೇ ಇಲ್ಲ. ತೂಕ ಅಷ್ಟೇ ಇರಲಿ, ಹೊಟ್ಟೆಯ ಸುತ್ತಳತೆ ಇಳಿಯಲಿ, ತೊಡೆ ಮತ್ತು ತೋಳು ಗಟ್ಟಿಯಾಗಲಿ ಎಂದರು. ಕೊಬ್ಬಿನ ಪ್ರಮಾಣ ನೋಡಿದರೆ ಮಾತ್ರ ಇಂಥ ಗುರಿ ಹಾಕಿಕೊಳ್ಳಲು ಸಾಧ್ಯ. ತೂಕವನ್ನೇ ನೋಡುತ್ತಿದ್ದರೆ ನಾನು "ಆರೋಗ್ಯವಂತ" ಎಂದುಕೊಂಡೇ ಇರುತ್ತಿದ್ದೆ.

ತುಂಗಾತೀರ

ಹುರುಳಿಕಟ್ಟು ಮೇಡಂ, ಬಹಳ ಧನ್ಯವಾದ. ಹೆಂಡತಿಯ ಹೊಲಿಗೆ ಟೇಪಿನಲ್ಲಿ ಅಳೆದೆ. ಹೊಟ್ಟೆ 101 ಸೆಂಟಿಮೀಟರ್, ಕುತ್ತಿಗೆ 39. ಪ್ಯಾಂಟ್ ಮಾತ್ರ 36 ಇಂಚಿನದ್ದೇ ತೊಡುತ್ತೇನೆ. ಅದು ಹೊಟ್ಟೆಯ ಕೆಳಗೆ ನಿಲ್ಲುತ್ತದೆ ಎಂಬುದು ಈಗ ಅರ್ಥವಾಯಿತು.

ಲೆಕ್ಕದ ಮೇಷ್ಟ್ರು

ಅಮೆರಿಕದ ನೌಕಾಪಡೆಯವರು 1980ರ ದಶಕದಲ್ಲಿ ತಮ್ಮ ಸಿಬ್ಬಂದಿಗಾಗಿ ರೂಪಿಸಿದ ಸೂತ್ರವೊಂದಿದೆ. ಗಂಡಸರಿಗೆ ಹೊಟ್ಟೆ, ಕುತ್ತಿಗೆ, ಎತ್ತರ ಸಾಕು. ಹೆಂಗಸರಿಗೆ ಪೃಷ್ಠದ ಸುತ್ತಳತೆಯೂ ಬೇಕು. ಲಾಗರಿದಮ್ ಇರುವ ಸೂತ್ರವಾದ್ದರಿಂದ ಇಲ್ಲಿ ಬಿಡಿಸುವುದಿಲ್ಲ. ನಿಮ್ಮ ಅಳತೆಗಳನ್ನು ಹಾಕಿದರೆ ಶೇ 28.2 ಬರುತ್ತದೆ.

ಯಂತ್ರ 32 ಎನ್ನುತ್ತದೆ, ಟೇಪು 28 ಎನ್ನುತ್ತದೆ. ಯಾವುದು ನಿಜ ಎಂದು ಜಗಳ ಬೇಡ, ಎರಡೂ ಅಂದಾಜುಗಳೇ. 28 ನಿಜವಾದರೆ ನಿಮ್ಮ ಕೊಬ್ಬಲ್ಲದ ತೂಕ 60.5 ಕಿಲೋ, ಶೇ 22ರ ಗುರಿಗೆ 77.5 ಕಿಲೋ. 32 ನಿಜವಾದರೆ ಅದೇ ಗುರಿಗೆ 73.2. ಅಂದರೆ ಗುರಿಯನ್ನು 73ರಿಂದ 78ರ ನಡುವಿನ ವ್ಯಾಪ್ತಿಯಾಗಿ ಬರೆದುಕೊಳ್ಳಿ. ದಶಮಾಂಶದವರೆಗೆ ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಅಳತೆಯಲ್ಲೇ ನಾಲ್ಕು ಅಂಶ ಏರುಪೇರಿರುವಾಗ ಉತ್ತರದಲ್ಲಿ ಅಷ್ಟು ಖಚಿತತೆ ಎಲ್ಲಿಂದ ಬರಬೇಕು?

ಇನ್ನೊಂದು ಮುಖ್ಯ ವಿಷಯ. ಮೇಡಂ ಹಾಕಿದ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಇಳಿಯುವುದೆಲ್ಲ ಕೊಬ್ಬೇ, ಮಾಂಸಖಂಡ ಒಂದಿಷ್ಟೂ ಕರಗುವುದಿಲ್ಲ ಎಂದು. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ ಇಳಿದ ತೂಕದ ಕಾಲು ಭಾಗದಷ್ಟು ಕೊಬ್ಬಲ್ಲದ ಭಾಗ ಎಂದು ವೈದ್ಯಕೀಯದಲ್ಲಿ ಒಂದು ಅಂದಾಜಿದೆ. ಅದನ್ನು ಹಾಕಿ ಮತ್ತೆ ಲೆಕ್ಕ ಮಾಡಿ ನೋಡಿದೆ. ಶೇ 32ರಿಂದ 25ಕ್ಕೆ ಬರಲು, ಇಳಿಯುವುದೆಲ್ಲ ಕೊಬ್ಬಾದರೆ 7.8 ಕಿಲೋ ಇಳಿಸಿದರೆ ಸಾಕು, 76.2ರಲ್ಲಿ ನಿಲ್ಲಬಹುದು. ಕಾಲು ಭಾಗ ಮಾಂಸಖಂಡ ಹೋದರೆ 11.8 ಕಿಲೋ ಇಳಿಸಬೇಕು, 72.2ರವರೆಗೆ ಹೋಗಬೇಕು. ಗುರಿ ಅದೇ ಶೇ 25, ಆದರೆ ನಾಲ್ಕು ಕಿಲೋ ಹೆಚ್ಚು ಇಳಿಸಬೇಕು, ಅದರ ಜೊತೆಗೆ ಸುಮಾರು 3 ಕಿಲೋ ಮಾಂಸಖಂಡ ಕಳೆದುಕೊಂಡಿರುತ್ತೀರಿ. ಈ ನಾಲ್ಕು ಕಿಲೋಗೆ ಎಷ್ಟು ತಿಂಗಳ ಅರೆಹೊಟ್ಟೆ ಬೇಕು ಎಂದು ಯೋಚಿಸಿ. ವ್ಯಾಯಾಮ ಏಕೆ ಬೇಕು ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಹುರುಳಿಕಟ್ಟು

ಮೇಷ್ಟ್ರೇ, ಇದನ್ನು ಹೀಗೆ ಅಂಕಿಯಲ್ಲಿ ತೋರಿಸಿದ್ದಕ್ಕೆ ತುಂಬಾ ಸಂತೋಷ. ನನ್ನ ಬಳಿ ಬರುವವರಿಗೆ ಇನ್ನು ಮುಂದೆ ಇದನ್ನೇ ಹೇಳುತ್ತೇನೆ.

ಗರಡಿಮನೆ

ನಾನು ದಾವಣಗೆರೆಯವನು. ಅಜ್ಜನ ಕಾಲದಿಂದ ಗರಡಿ ನಂಟು. ಮೇಷ್ಟ್ರು ಹೇಳಿದ ಆ ಮೂರು ಕಿಲೋ ಮಾಂಸಖಂಡ ಉಳಿಸಿಕೊಳ್ಳಲು ದುಬಾರಿ ಜಿಮ್ ಬೇಕಾಗಿಲ್ಲ. ದಂಡ, ಬಸ್ಕಿ, ಭಾರ ಎತ್ತುವುದು ಇಷ್ಟು ವಾರಕ್ಕೆ ಮೂರು ದಿನ ಸಾಕು. ಮೊದಲ ದಿನವೇ ನೆಲಕ್ಕೆ ಕೈ ಊರಿ ದಂಡ ಹೊಡೆಯಲು ಹೋಗಬೇಡಿ. ಗೋಡೆಗೆ ಕೈಕೊಟ್ಟು ಶುರು ಮಾಡಿ, ಆಮೇಲೆ ಮಂಚದ ಅಂಚಿಗೆ, ಆಮೇಲೆ ನೆಲಕ್ಕೆ. ಬಸ್ಕಿಯೂ ಹಾಗೆಯೇ: ಹಿಂದೆ ಕುರ್ಚಿ ಇಟ್ಟುಕೊಂಡು, ಪೃಷ್ಠ ಕುರ್ಚಿಗೆ ತಾಗಿದ ಕೂಡಲೇ ಏಳಿ. ಕೊನೆಯ ಎರಡು ಮೂರು ಸಲ ಏಳುವಾಗ ನಿಜಕ್ಕೂ ಕಷ್ಟವಾಗಬೇಕು. ಕಷ್ಟವೇ ಆಗದಿದ್ದರೆ ಮಾಂಸಖಂಡಕ್ಕೆ ಕೆಲಸ ಬಿದ್ದಿಲ್ಲ ಎಂದೇ ಲೆಕ್ಕ. ಬರೀ ನಡಿಗೆ ಹೃದಯಕ್ಕೆ ಒಳ್ಳೆಯದು, ತೋಳಿಗೂ ಬೆನ್ನಿಗೂ ಅದರಿಂದ ಬಲ ಬರುವುದಿಲ್ಲ.

ತಾಲ್ಲೂಕು ಡಾಕ್ಟರ್

ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನನಗೆ ಈ ಶೇಕಡಾವಾರು ಲೆಕ್ಕವೇ ಬೇಡ ಎನ್ನಿಸುತ್ತದೆ. ಯಂತ್ರ ಒಂದು ಹೇಳುತ್ತದೆ, ಟೇಪು ಒಂದು ಹೇಳುತ್ತದೆ, ಓದುವವರು ತಲೆ ಕೆಡಿಸಿಕೊಳ್ಳುತ್ತಾರೆ. ಹೊಟ್ಟೆಯ ಸುತ್ತಳತೆಯೊಂದೇ ಸಾಕು. ನಮ್ಮವರಿಗೆ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಬ್ರಿಟನ್ನಿನವರು ಇನ್ನೂ ಸುಲಭವಾಗಿ ಹೇಳುತ್ತಾರೆ: ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ತುಂಗಾತೀರ ಅವರಿಗೆ ಅದು 85 ಆಗುತ್ತದೆ. ಹೆಚ್ಚು ಅಪಾಯ ಒಡ್ಡುವುದು ಹೊಟ್ಟೆಯೊಳಗೆ ಪಿತ್ತಜನಕಾಂಗದ ಸುತ್ತ ಸೇರುವ ಕೊಬ್ಬು. ತೊಡೆಯ ಕೊಬ್ಬು ಅಷ್ಟು ಕೆಡುಕು ಮಾಡುವುದಿಲ್ಲ. ಒಟ್ಟು ಶೇಕಡಾ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ.

ಅಳೆಯುವ ಕ್ರಮ ಮಾತ್ರ ಸರಿಯಾಗಿರಲಿ. ಪಂಚೆ ಕಟ್ಟುವ ಜಾಗದಲ್ಲಿ ಅಲ್ಲ. ಪಕ್ಕೆಯ ಕೊನೆಯ ಎಲುಬನ್ನು ಬೆರಳಿನಿಂದ ಹುಡುಕಿ, ಸೊಂಟದ ಮೂಳೆಯ ಮೇಲಂಚನ್ನೂ ಹುಡುಕಿ, ಎರಡರ ನಡುವೆ ಟೇಪು ಸುತ್ತಿ. ಉಸಿರನ್ನು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ ಓದಿ. ಹೊಟ್ಟೆಯನ್ನು ಒಳಗೆಳೆದುಕೊಳ್ಳಬಾರದು. ಟೇಪು ಮೈಗೆ ತಾಗಬೇಕು, ಒತ್ತಬಾರದು.

ಇನ್ನು ಗುರಿ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅದರಲ್ಲಿ ಕೊಟ್ಟ ಗುರಿ ದೇಹದ ತೂಕದ ಶೇ 7 ಇಳಿಕೆ, ವಾರಕ್ಕೆ 150 ನಿಮಿಷ ಚಟುವಟಿಕೆ. ಕಾಯಿಲೆ ಬರುವ ಪ್ರಮಾಣ ಶೇ 58ರಷ್ಟು ಕಡಿಮೆಯಾಯಿತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಮ್ಮ ಜನರ ಮೇಲೆಯೇ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಲ್ಲಿ ಊಟ ಮತ್ತು ನಡಿಗೆ ಬದಲಿಸಿದವರಲ್ಲಿ ಶೇ 28.5ರಷ್ಟು ಇಳಿಯಿತು, ಅದೂ ಹೇಳಿಕೊಳ್ಳುವಂಥ ತೂಕ ಇಳಿಯದೆಯೇ. ಹಾಗಾಗಿ ತೂಕದ ಮುಳ್ಳು ಅಲ್ಲಾಡಲಿಲ್ಲ ಎಂದು ನಡಿಗೆ ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 84ರ ಶೇ 7 ಎಂದರೆ ಸುಮಾರು 6 ಕಿಲೋ. ನಿಮ್ಮ ಮೊದಲ ನಿಲ್ದಾಣ 78.

ಲೆಕ್ಕದ ಮೇಷ್ಟ್ರು

ಡಾಕ್ಟರೇ, ಸುತ್ತಳತೆಯ ಬಗ್ಗೆ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ತೂಕ ಇಳಿಯುವಾಗ ಮಾಂಸಖಂಡ ಹೋಗುತ್ತಿದೆಯೇ ಎಂಬುದನ್ನು ಟೇಪು ಹೇಳುವುದಿಲ್ಲವಲ್ಲ? ಹೊಟ್ಟೆಯೂ ಇಳಿದಿರುತ್ತದೆ, ತೊಡೆಯೂ ಇಳಿದಿರುತ್ತದೆ.

ತಾಲ್ಲೂಕು ಡಾಕ್ಟರ್

ಅದಕ್ಕೂ ಯಂತ್ರ ಬೇಕಿಲ್ಲ ಮೇಷ್ಟ್ರೇ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಿ ಬರೆದಿಡಿ. ತೂಕ ಇಳಿಯುತ್ತಾ ಈ ಸಂಖ್ಯೆ ಹೆಚ್ಚುತ್ತಿದ್ದರೆ ಕಾಲಿನ ಬಲ ಉಳಿದಿದೆ. ಸಂಖ್ಯೆ ಕುಸಿಯುತ್ತಿದ್ದರೆ ಊಟ ಅತಿಯಾಗಿ ಕಡಿಮೆಯಾಗಿದೆ. ಅರವತ್ತು ದಾಟಿದವರಂತೂ ಇದನ್ನು ಮಾಡಿ ನೋಡದೆ ತೂಕ ಇಳಿಸಲು ಹೋಗಲೇಬಾರದು.

ಆದರೂ ನಿಮ್ಮ ಕಾಲು ಭಾಗದ ಲೆಕ್ಕ ಓದಿದ ಮೇಲೆ, ಶೇಕಡಾವಾರು ಅಂಕಿಯಿಂದ ಉಪಯೋಗವೇ ಇಲ್ಲ ಎನ್ನಲಾರೆ. 62ರಂಥ ಗುರಿಯನ್ನು ತಳ್ಳಿಹಾಕಲು ಅದು ಒಳ್ಳೆಯ ಸಾಧನ.

ಕಡಲತಡಿ

ಹುರುಳಿಕಟ್ಟು ಅಕ್ಕಾ, ಹೆಂಗಸರ ಬಗ್ಗೆಯೂ ಹೇಳಿ. ನಾನು ಉಡುಪಿ ಕಡೆಯವಳು, 36 ವರ್ಷ, 158 ಸೆಂಟಿಮೀಟರ್, 68 ಕಿಲೋ. ಎರಡನೇ ಹೆರಿಗೆಯಾಗಿ ಎರಡು ವರ್ಷ ಕಳೆಯಿತು. ಯಂತ್ರ ಶೇ 38 ತೋರಿಸುತ್ತದೆ. ಗಂಡನಿಗೆ ಶೇ 24. ಅದನ್ನು ನೋಡಿದಾಗಲೆಲ್ಲ ಮನಸ್ಸು ಕುಗ್ಗುತ್ತದೆ. ಮುಟ್ಟಿನ ಮುಂಚಿನ ವಾರದಲ್ಲಿ ತೂಕ ಒಂದೂವರೆ ಕಿಲೋ ಏರಿಬಿಡುತ್ತದೆ, ಆಗ ಎಲ್ಲ ಬಿಟ್ಟುಬಿಡೋಣ ಎನ್ನಿಸುತ್ತದೆ.

ಹುರುಳಿಕಟ್ಟು

ತಂಗೀ, ಮೊದಲು ಗಂಡನ ಅಂಕಿಯ ಪಕ್ಕದಲ್ಲಿ ನಿಮ್ಮದನ್ನು ಇಡುವುದನ್ನು ಬಿಡಿ. ಹೆಣ್ಣಿನ ದೇಹಕ್ಕೆ ಬದುಕಲು ಬೇಕಾದ ಕನಿಷ್ಠ ಕೊಬ್ಬೇ ಶೇ 10ರಿಂದ 13, ಗಂಡಸಿಗೆ 2ರಿಂದ 5. ಬಸಿರು, ಬಾಣಂತನ, ಹಾಲೂಡಿಸುವಿಕೆಗೆ ದೇಹ ಇಟ್ಟುಕೊಂಡ ಸಂಗ್ರಹ ಅದು. ತೀರಾ ಇಳಿಸಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಆರೋಗ್ಯವಂತ ಹೆಂಗಸಿನ ಶೇ 28 ಮತ್ತು ಆರೋಗ್ಯವಂತ ಗಂಡಸಿನ ಶೇ 20 ಹೆಚ್ಚುಕಡಿಮೆ ಒಂದೇ ಸ್ಥಿತಿ.

ನಿಮ್ಮ ಲೆಕ್ಕ: ಕೊಬ್ಬಲ್ಲದ ತೂಕ ಸುಮಾರು 42 ಕಿಲೋ. ಶೇ 32ಕ್ಕೆ ಬಂದರೆ 62 ಕಿಲೋ, ಶೇ 30ಕ್ಕೆ 60. ನಿಮ್ಮ ಮೊದಲ ಗುರಿ 64 ಮಾತ್ರ. ಅಲ್ಲಿ ಒಂದೆರಡು ತಿಂಗಳು ನಿಂತು ಮುಂದಕ್ಕೆ ನೋಡಿದರೆ ಸಾಕು.

ಮುಟ್ಟಿನ ಮುಂಚೆ ಏರುವುದು ನೀರು, ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಲೆಕ್ಕ. ಒಂದೂವರೆ ಕಿಲೋ ಕೊಬ್ಬು ವಾರದಲ್ಲಿ ಸೇರಬೇಕಾದರೆ ದಿನವೂ ಮಾಮೂಲಿ ಊಟದ ಮೇಲೆ ಮತ್ತೊಂದು ಇಡೀ ದಿನದ ಊಟ ಮಾಡಬೇಕು. ನೀವು ಹಾಗೆ ಮಾಡಿಲ್ಲವಲ್ಲ. ಈ ತಿಂಗಳ ಮುಟ್ಟು ಮುಗಿದ ಮೂರನೇ ದಿನದ ತೂಕವನ್ನು ಮುಂದಿನ ತಿಂಗಳ ಅದೇ ದಿನದ ತೂಕಕ್ಕೆ ಹೋಲಿಸಿ, ನಡುವಿನದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಕಡೆ ಬಂಗುಡೆ ಸಿಗುತ್ತದೆ, ಅದು ದೊಡ್ಡ ಅನುಕೂಲ. 100 ಗ್ರಾಂ ಮೀನಿನಲ್ಲಿ 19-20 ಗ್ರಾಂ ಪ್ರೋಟೀನ್ ಇದೆ. ಕುಚ್ಚಲಕ್ಕಿ ಗಂಜಿ ಒಂದು ಸೌಟು ಕಡಿಮೆ ಮಾಡಿ, ಮೀನು ಒಂದು ಹೋಳು ಹೆಚ್ಚು ಮಾಡಿ. ಹುರಿಯುವುದಕ್ಕಿಂತ ಪುಳಿಮುಂಚಿ ಮಾಡಿ. ಬೆನ್ನು, ಕಾಲು ನೋವಿದ್ದರೆ ಅಥವಾ ಕೂದಲು ವಿಪರೀತ ಉದುರುತ್ತಿದ್ದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು ಶುರು ಮಾಡಿ.

ಕಡಲತಡಿ

ಅಕ್ಕಾ, ಕಣ್ಣಲ್ಲಿ ನೀರು ಬಂತು. 64 ಎಂದರೆ ಆಗುತ್ತದೆ ಎನ್ನಿಸುತ್ತಿದೆ. 52 ಆಗಬೇಕು ಎಂದು ಯಾರೋ ಹೇಳಿದ್ದರು.

ನ್ಯೂಜೆರ್ಸಿಯಿಂದ

ಯಂತ್ರಗಳ ಬಗ್ಗೆ ಎರಡು ಮಾತು. ಮನೆಯ ಯಂತ್ರ ಒಂದು ಪಾದದಿಂದ ಅತಿ ಸಣ್ಣ ವಿದ್ಯುತ್ತನ್ನು ಹರಿಸಿ ಇನ್ನೊಂದು ಪಾದದಲ್ಲಿ ಹಿಡಿಯುತ್ತದೆ. ನೀರಿರುವ ಮಾಂಸಖಂಡದಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯಲು ತಿಣುಕುತ್ತದೆ. ಆದರೆ ಆ ವಿದ್ಯುತ್ತು ಕಾಲುಗಳಲ್ಲಷ್ಟೇ ಓಡಾಡುತ್ತದೆ, ಹೊಟ್ಟೆಯ ಮೇಲ್ಭಾಗಕ್ಕೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಉಳಿದದ್ದನ್ನು ನೀವು ತುಂಬಿಸಿದ ವಯಸ್ಸು, ಎತ್ತರ, ಲಿಂಗ ನೋಡಿ ಊಹಿಸುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ವಯಸ್ಸನ್ನು 41ರ ಬದಲು 25 ಎಂದು ಬದಲಿಸಿ ಮತ್ತೆ ಹತ್ತಿ ನಿಲ್ಲಿ. ಎರಡು ನಿಮಿಷದಲ್ಲಿ ನಿಮ್ಮ ಕೊಬ್ಬಿನ ಅಂಕಿ ಬದಲಾಗಿರುತ್ತದೆ.

ಹಾಗೆಂದು ಎಸೆಯಬೇಡಿ. ದಿನವೂ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ, ಅದೇ ಜಾಗದಲ್ಲಿ ಯಂತ್ರ ಇಟ್ಟು ನಿಂತರೆ ತಪ್ಪು ಒಂದೇ ದಿಕ್ಕಿನಲ್ಲಿರುತ್ತದೆ, ಏರಿಳಿತ ಗೊತ್ತಾಗುತ್ತದೆ. ವಾರದ ಸರಾಸರಿ ತೆಗೆಯಿರಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಥ ಯಂತ್ರ ಹತ್ತಬಾರದು, ಗರ್ಭಿಣಿಯರೂ ಬಳಸುವುದು ಬೇಡ.

ಡೆಕ್ಸಾ ಸ್ಕ್ಯಾನ್ ಇನ್ನೂ ನಿಖರ. ಮೂಳೆ ಸವೆತ ನೋಡಲು ಬಳಸುವ ಯಂತ್ರವೇ ಅದು. ತೋಳು, ಕಾಲು, ಹೊಟ್ಟೆ ಬೇರೆ ಬೇರೆಯಾಗಿ ತೋರಿಸುತ್ತದೆ. ಮಾಡಿಸಿದರೆ ಆರು ತಿಂಗಳು ಬಿಟ್ಟು ಅದೇ ಯಂತ್ರದಲ್ಲಿ ಮತ್ತೆ ಮಾಡಿಸಿ. ಇಲ್ಲಿ ಒಂದು ಕಡೆ, ಅಲ್ಲಿ ಒಂದು ಕಡೆ ಮಾಡಿಸಿದರೆ ಹೋಲಿಕೆಗೆ ಬರುವುದಿಲ್ಲ.

ಬೆಳಗಿನ ನಡಿಗೆ

ನನ್ನ ಅಳಿಯ ಯಾವುದೋ ಪುಡಿ ತರಿಸಿದ್ದಾನೆ. ಒಂದು ತಿಂಗಳಲ್ಲಿ 10 ಕಿಲೋ ಗ್ಯಾರಂಟಿ ಎಂದು ಬರೆದಿದೆ. ಇದು ಸಾಧ್ಯವೇ ಎಂದು ತಿಳಿದವರು ಹೇಳಿ.

ಹುರುಳಿಕಟ್ಟು

ಹಿರಿಯರೇ, 10 ಕಿಲೋ ಕೊಬ್ಬು ಎಂದರೆ 77,000 ಕ್ಯಾಲೊರಿ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 2,570 ಕ್ಯಾಲೊರಿ ಕೊರತೆ ಬೀಳಬೇಕು. ತುಂಗಾತೀರ ಅವರಂಥವರ ದೇಹ ಇಡೀ ದಿನಕ್ಕೆ ಖರ್ಚು ಮಾಡುವುದೇ ಅದಕ್ಕಿಂತ ಕಡಿಮೆ. ಅಂದರೆ ತುತ್ತು ಅನ್ನ ಮುಟ್ಟದೆ ಕೂತರೂ ತಿಂಗಳಿಗೆ 10 ಕಿಲೋ ಕೊಬ್ಬು ಕರಗದು. ಇಳಿದರೆ ಅದರಲ್ಲಿ ನೀರು ಮತ್ತು ಮಾಂಸಖಂಡ ಸೇರಿರುತ್ತದೆ. ದಯವಿಟ್ಟು ಆ ಪುಡಿ ನಿಲ್ಲಿಸಿ.

ವಾರಕ್ಕೆ ದೇಹದ ತೂಕದ ಶೇ 0.5ರಷ್ಟು ಇಳಿಸುವುದು ನಿಲ್ಲುವಂಥ ವೇಗ. 84 ಕಿಲೋದವರಿಗೆ ಅದು 400 ಗ್ರಾಂ. ದಿನಕ್ಕೆ 450 ಕ್ಯಾಲೊರಿ ಕಡಿಮೆ ಮಾಡಿದರೆ ಬರುತ್ತದೆ.

ಶಾಲ್ಮಲಾ

ತೂಕ ಇಳಿಸಲು ಈಗ ಬಂದಿರುವ ಚುಚ್ಚುಮದ್ದುಗಳ ಬಗ್ಗೆ? ನಮ್ಮ ಕಚೇರಿಯಲ್ಲಿ ಇಬ್ಬರು ಶುರು ಮಾಡಿದ್ದಾರೆ.

ತಾಲ್ಲೂಕು ಡಾಕ್ಟರ್

ಮೌಂಜಾರೊ ಮತ್ತು ವೆಗೋವಿ ಎರಡೂ 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಕೆಲಸ ಮಾಡುವ ಔಷಧಿಗಳೇ, ವೈದ್ಯರು ಬರೆದುಕೊಟ್ಟರೆ ಮಾತ್ರ. ಆದರೆ ಮೇಷ್ಟ್ರ ಕಾಲು ಭಾಗದ ಲೆಕ್ಕ ಇಲ್ಲಿ ಇನ್ನೂ ಮುಖ್ಯ. ವೆಗೋವಿಯ ಮೂಲ ಔಷಧಿ ಸೆಮಾಗ್ಲುಟೈಡ್ ಮೇಲಿನ ದೊಡ್ಡ ಪರೀಕ್ಷೆಯಲ್ಲಿ ಕೆಲವರನ್ನು ಡೆಕ್ಸಾದಲ್ಲಿ ನೋಡಿದಾಗ, ಇಳಿದ ತೂಕದಲ್ಲಿ ಸುಮಾರು ಶೇ 40 ಕೊಬ್ಬಲ್ಲದ ಭಾಗವಾಗಿತ್ತು. ಹಸಿವೇ ಆಗದಿರುವಾಗ ಬೇಳೆಕಾಳು, ಮೊಟ್ಟೆ ತಿನ್ನುವುದೂ ನಿಂತುಹೋಗುತ್ತದೆ. ನಿಮ್ಮ ಸಹೋದ್ಯೋಗಿಗಳಿಗೆ ಗರಡಿಮನೆಯವರ ಬಸ್ಕಿಯನ್ನು ತಪ್ಪದೆ ಹೇಳಿ.

ತುಂಗಾತೀರ

ಇಷ್ಟೆಲ್ಲ ಓದಿದ ಮೇಲೆ ಒಂದು ಕಾಗದದ ಮೇಲೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ಸರಿಯಾಗಿದೆಯೇ ನೋಡಿ.

ಮೊದಲ ಗುರಿ 78 ಕಿಲೋ, ನಾಲ್ಕು ತಿಂಗಳು. ಹೊಟ್ಟೆ 101ರಿಂದ 95. ಅಲ್ಲಿಗೆ ಬಂದ ಮೇಲೆ ಟೇಪು, ಯಂತ್ರ ಎರಡರಲ್ಲೂ ಮತ್ತೆ ಅಳೆದು, ಎಚ್‌ಬಿಎ1ಸಿ ಮಾಡಿಸಿ, ಆಮೇಲೆ 73 ಮತ್ತು 78ರ ನಡುವೆ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನ. 62ರ ಮಾತು ಇನ್ನಿಲ್ಲ. ಮಂಗಳವಾರ, ಗುರುವಾರ, ಶನಿವಾರ ದಂಡ, ಬಸ್ಕಿ; ಉಳಿದ ದಿನ ನಡಿಗೆ. 30 ಸೆಕೆಂಡಿನ ಕುರ್ಚಿ ಪರೀಕ್ಷೆ ತಿಂಗಳಿಗೊಮ್ಮೆ.

ಊಟದಲ್ಲಿ ಪ್ರೋಟೀನ್ ಎಷ್ಟಿರಬೇಕು ಎಂಬುದು ಮಾತ್ರ ಗೊತ್ತಾಗಲಿಲ್ಲ. ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಬೆಳಿಗ್ಗೆ ಅವಲಕ್ಕಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ ಅಥವಾ ಅನ್ನ ಸಾರು, ರಾತ್ರಿ ಮುದ್ದೆ ಅಥವಾ ಚಪಾತಿ.

ಗರಡಿಮನೆ

ಶನಿವಾರ ದಂಡ, ಬಸ್ಕಿ ಆದಮೇಲೆ ಭಾನುವಾರ ಪೂರ್ತಿ ವಿಶ್ರಾಂತಿ ಕೊಡಿ ತಮ್ಮಾ. ನಿದ್ದೆ ಏಳು ಗಂಟೆ ತಪ್ಪಬಾರದು.

ಹುರುಳಿಕಟ್ಟು

ಗುರಿ ಚೆನ್ನಾಗಿದೆ. ಸಾಮಾನ್ಯರಿಗೆ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಮಾಣ ಕಿಲೋ ತೂಕಕ್ಕೆ 0.83 ಗ್ರಾಂ. ತೂಕ ಇಳಿಸುವಾಗ ಮಾಂಸಖಂಡ ಉಳಿಯಲು 1.2 ಗ್ರಾಂ ಇಟ್ಟುಕೊಳ್ಳಿ, 78 ಕಿಲೋಗೆ ಸುಮಾರು 94 ಗ್ರಾಂ. ನೀವು ಬರೆದ ಊಟದಲ್ಲಿ 50ರ ಆಸುಪಾಸು ಇರಬಹುದು. ಚಿತ್ರಾನ್ನದ ಡಬ್ಬಿಯಲ್ಲಿ ಕಡಲೆಬೀಜ ಬಿಟ್ಟರೆ ಪ್ರೋಟೀನ್ ಇಲ್ಲವೆಂದೇ ಹೇಳಬೇಕು.

ಬೆಳಿಗ್ಗೆ ಉಪ್ಪಿಟ್ಟು ಅರ್ಧ ಮಾಡಿ, ಎರಡು ಬೇಯಿಸಿದ ಮೊಟ್ಟೆ ಸೇರಿಸಿ: 12 ಗ್ರಾಂ. ಡಬ್ಬಿಗೆ 40 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಪಲ್ಯ ಮಾಡಿದರೆ 20 ಗ್ರಾಂ. ರಾತ್ರಿ ಮುದ್ದೆಗೆ ಮೊಳಕೆ ಹುರುಳಿ ಸಾರು, ಒಬ್ಬರಿಗೆ 50 ಗ್ರಾಂ ಕಾಳು ಬೀಳುವಂತೆ: 11 ಗ್ರಾಂ. ಕಟ್ಟು ಮಾತ್ರ ಬಸಿದುಕೊಂಡು ಕಾಳು ಪಕ್ಕಕ್ಕಿಡಬೇಡಿ, ಕಾಳನ್ನೂ ತಿನ್ನಿ. ಒಂದು ಬಟ್ಟಲು ಮೊಸರು, ಒಂದು ಲೋಟ ಹಾಲು ಸೇರಿ 15. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿದ ಕಡಲೆಬೀಜ: 7. ತೊಗರಿಬೇಳೆ ಸಾರನ್ನು ಗಟ್ಟಿಯಾಗಿ ಮಾಡಿಸಿದರೆ 9. ಮುದ್ದೆ, ಅನ್ನ, ಚಪಾತಿಯಿಂದ ಬರುವ ಹದಿನೆಂಟು ಇಪ್ಪತ್ತು ಗ್ರಾಂ ಸೇರಿ ಲೆಕ್ಕ ತುಂಬುತ್ತದೆ.

ಶುರು ಮಾಡುವ ಮುಂಚೆ ಕ್ರಿಯಾಟಿನಿನ್ ಪರೀಕ್ಷೆ ಒಂದನ್ನು ಮಾಡಿಸಿ. ಸಕ್ಕರೆ ಹೊಸ್ತಿಲಲ್ಲಿ ಇರುವವರು ಮೂತ್ರಪಿಂಡ ಸರಿಯಿದೆ ಎಂದು ತಿಳಿದುಕೊಂಡೇ ಪ್ರೋಟೀನ್ ಏರಿಸಬೇಕು. ವರದಿ ಬಂದ ಮೇಲೆ ಇಲ್ಲಿಯೇ ಬರೆಯಿರಿ, ನೋಡುತ್ತೇನೆ.